ಹೆಸರು ಬಾನೆಟ್ ಮೇಲೆ, ಗೇರ್‌ಬಾಕ್ಸ್ ಕೆಳಗೆ

(ಶಿವಮೊಗ್ಗದ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಒಂದು ಶನಿವಾರ ಸಂಜೆ ಆಡಿದ ಮಾತು. ಅಡ್ಡಮಾತುಗಳನ್ನು ಒಂದಿಷ್ಟು ಕತ್ತರಿಸಿದ್ದೇನೆ, ಒಂದಿಷ್ಟು ಬೇಕಂತಲೇ ಉಳಿಸಿದ್ದೇನೆ.)

ನಮಸ್ಕಾರ. ನನಗೆ ಮೈಕ್ ಬೇಡ, ಗ್ಯಾರೇಜಿನಲ್ಲಿ ಕೂಗಿ ಕೂಗಿ ಗಂಟಲು ಪಳಗಿದೆ. ಹಿಂದಿನ ಸಾಲಿಗೆ ಕೇಳಿಸ್ತಿದೆ ಅಲ್ವಾ?

ಮೊದಲು ಈ ಮೂರು ಬಾಟಲಿಗಳನ್ನು ಕೈಯಿಂದ ಕೈಗೆ ದಾಟಿಸಿ. ಉಪ್ಪಿನಕಾಯಿ ಬಾಟಲಿಗಳು, ಮನೆಯಲ್ಲಿ ಹೇಳದೆ ತಂದಿದ್ದೇನೆ. ಮೊದಲನೆಯದರಲ್ಲಿ ಇರುವುದು ಹೊಸ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್. ಗ್ಯಾರೇಜಿನಲ್ಲಿ ಎಟಿಎಫ್ ಅಂತೀವಿ. ದಾಳಿಂಬೆ ರಸದ ಹಾಗೆ ಕೆಂಪಗಿದೆ. ಎರಡನೆಯದು ಸುಮಾರು 60,000 ಕಿ.ಮೀ. ಓಡಿದ ಕಾರಿನಿಂದ ಇಳಿಸಿದ್ದು. ಕಷಾಯದ ಬಣ್ಣ. ಮೂರನೆಯದರ ಮುಚ್ಚಳ ತೆಗೆದು ಮೂಸಿ ನೋಡಿ. ಒಲೆ ಮೇಲೆ ಮರೆತು ಸೀದುಹೋದ ಪಾತ್ರೆಯ ವಾಸನೆ ಬರುತ್ತೆ. ಈ ಮೂರನೇ ಬಾಟಲಿಯ ಕತೆ ಆಮೇಲೆ ಹೇಳ್ತೀನಿ.

ನಾನು ಗೇರ್‌ಬಾಕ್ಸ್ ಬಿಚ್ಚುವ ಕೆಲಸ ಶುರುಮಾಡಿ 27 ವರ್ಷ ಆಯಿತು. ಈ 27 ವರ್ಷದಲ್ಲಿ ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಒಮ್ಮೆ ಆಸ್ಪತ್ರೆಯ ಬೆಡ್ ಮೇಲೆ ಮಲಗಿದ್ದಾಗಲೂ ಜನ ನನಗೆ ಕೇಳಿದ್ದು ಒಂದೇ ಪ್ರಶ್ನೆ. "ಯಾವ ಕಂಪನಿ ಕಾರು ತಗೊಳ್ಳಲಿ?" ನಾನು ತಿರುಗಿ ಕೇಳುವುದೂ ಒಂದೇ. "ಅದರಲ್ಲಿ ಯಾವ ಗೇರ್‌ಬಾಕ್ಸ್ ಇದೆ?" ಅಲ್ಲಿಗೆ ಮಾತು ನಿಂತುಹೋಗುತ್ತೆ. ಕೇಳಿದವರಿಗೆ ಬೇಜಾರು. ಇವನಿಗೆ ಹೇಳೋಕೆ ಇಷ್ಟ ಇಲ್ಲ ಅಂದ್ಕೋತಾರೆ. ಇವತ್ತು ಆ ಬೇಜಾರನ್ನು ತೀರಿಸೋಣ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫ್ರೀಮಾಂಟ್ ಅಂತ ಒಂದು ಊರು. ಅಲ್ಲಿ ಜನರಲ್ ಮೋಟರ್ಸ್‌ನ ಒಂದು ಕಾರ್ಖಾನೆ ಇತ್ತು, 1982ರಲ್ಲಿ ಮುಚ್ಚಿತು. ಜಗಳ, ಗೈರುಹಾಜರಿ, ಕಳಪೆ ಕೆಲಸಕ್ಕೆ ಹೆಸರಾದ ಜಾಗ ಅದು. 1984ರಲ್ಲಿ ಟೊಯೋಟಾ ಮತ್ತು ಜಿಎಂ ಸೇರಿ ಅದನ್ನು ಮತ್ತೆ ತೆರೆದವು. ಹಳೇ ಕೆಲಸಗಾರರಲ್ಲಿ ಬಹಳ ಜನರನ್ನೇ ವಾಪಸ್ ತೆಗೆದುಕೊಂಡರು. ಕೆಲಸದ ರೀತಿ ಮಾತ್ರ ಟೊಯೋಟಾದ್ದು. ಅಲ್ಲಿ ಒಂದೇ ಸಾಲಿನಲ್ಲಿ ಒಂದೇ ಕಾರು ಎರಡು ಹೆಸರಲ್ಲಿ ಹೊರಬರುತ್ತಿತ್ತು. ಒಂದಕ್ಕೆ ಟೊಯೋಟಾ ಕೊರೊಲಾ ಅಂತ ಬ್ಯಾಡ್ಜ್. ಇನ್ನೊಂದಕ್ಕೆ ಜಿಯೋ ಪ್ರಿಜ್ಮ್ ಅಂತ, ಆಮೇಲೆ ಶೆವ್ರೊಲೆ ಪ್ರಿಜ್ಮ್ ಅಂತ. ಎಂಜಿನ್, ಗೇರ್‌ಬಾಕ್ಸ್ ಎರಡರಲ್ಲೂ ಅದೇ. ಬೋಲ್ಟ್ ಬಿಗಿದ ಕೈಯೂ ಅದೇ.

ಹಾಗಾದರೆ ಸೆಕೆಂಡ್ ಹ್ಯಾಂಡ್‌ನಲ್ಲಿ ಎರಡಕ್ಕೂ ಒಂದೇ ರೇಟು ಸಿಗಬೇಕು ಅಲ್ವಾ? ಸಿಗಲಿಲ್ಲ. ಕೊರೊಲಾಗೆ ಜಾಸ್ತಿ, ಪ್ರಿಜ್ಮ್‌ಗೆ ಕಮ್ಮಿ. ಗೊತ್ತಿದ್ದವರು ಸುಮ್ನೆ ಪ್ರಿಜ್ಮ್ ತಗೊಂಡು, ಒಳಗೊಳಗೇ ನಗುತ್ತಾ ಕೊರೊಲಾ ಓಡಿಸಿದರು.

ಇದು ದೂರದ ಕತೆ ಅನ್ನಿಸಿದರೆ ನಮ್ಮ ಬಿಡದಿಗೆ ಬನ್ನಿ. 2022ರಲ್ಲಿ ಮಾರುತಿ ಗ್ರ್ಯಾಂಡ್ ವಿಟಾರಾ, ಟೊಯೋಟಾ ಹೈರೈಡರ್ ಎರಡೂ ಮಾರುಕಟ್ಟೆಗೆ ಬಂದವು. ಎರಡೂ ತಯಾರಾದದ್ದು ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲೇ. ಅದಕ್ಕೂ ಮೊದಲು, 2019ರಲ್ಲಿ, ಬಲೆನೊ ಕಾರೇ ಗ್ಲ್ಯಾಂಝಾ ಅಂತ ಹೆಸರು ಬದಲಿಸಿಕೊಂಡು ಟೊಯೋಟಾ ಶೋರೂಮಿಗೆ ಹೋಗಿತ್ತು. ನನ್ನ ಗ್ಯಾರೇಜಿಗೆ ಬರುವ ಒಬ್ಬರು ಮೇಷ್ಟ್ರು, "ಮಾರುತಿ ತಗಡು ನಂಗೆ ಬೇಡ, ಅದಕ್ಕೇ ಟೊಯೋಟಾ ತಗೊಂಡೆ" ಅಂತ ಗ್ಲ್ಯಾಂಝಾದ ಬಾನೆಟ್ ತಟ್ಟಿ ಹೇಳಿದರು. ನಾನು ಬಾನೆಟ್ ಎತ್ತಿ ಒಳಗಿನ ಒಂದೊಂದೇ ಭಾಗದ ಮೇಲೆ ಸುಜುಕಿಯ ಗುರುತು ತೋರಿಸಿದೆ. ಮೇಷ್ಟ್ರು ಸ್ವಲ್ಪ ಹೊತ್ತು ನೋಡಿ, "ಆದ್ರೂ ಇವ್ರು ಚೆಕ್ ಮಾಡಿ ಕಳಿಸಿರ್ತಾರೆ ಕಣ್ರೀ" ಅಂದರು. ಆ ನಂಬಿಕೆಯನ್ನು ಯಾವ ಸ್ಪ್ಯಾನರ್‌ನಿಂದಲೂ ಬಿಚ್ಚೋಕೆ ಆಗಲ್ಲ.

ಇನ್ನೂ ಒಂದು ವಿಷಯ ಇದೆ. ಕಾರು ಕಂಪನಿಗಳಲ್ಲಿ ಎಷ್ಟೋ ಕಂಪನಿಗಳು ಆಟೊಮ್ಯಾಟಿಕ್ ಗೇರ್‌ಬಾಕ್ಸನ್ನು ತಾವೇ ಮಾಡುವುದಿಲ್ಲ. ಜರ್ಮನಿಯ ಝಡ್‌ಎಫ್ ಮಾಡಿದ್ದನ್ನು ಬಿಎಂಡಬ್ಲ್ಯು ಹಾಕುತ್ತೆ, ಜಾಗ್ವಾರ್‌ನಲ್ಲೂ ಅದೇ ಇರುತ್ತೆ. ಜಪಾನಿನ ಜಾಟ್ಕೊ ಕಂಪನಿಯದು ನಿಸಾನ್‌ನಲ್ಲಿ ಇರುತ್ತೆ, ಬೇರೆಯವರಿಗೂ ಹೋಗುತ್ತೆ. ಜಪಾನಿನದೇ ಐಸಿನ್ ಅಂತ ಇನ್ನೊಂದು ಕಂಪನಿ, ಅದು ಟೊಯೋಟಾ ಬಳಗದ್ದು. ನಮ್ಮಲ್ಲಿ ಓಡುವ ಫೋಕ್ಸ್‌ವ್ಯಾಗನ್ ವರ್ಟಸ್, ಸ್ಕೋಡಾ ಸ್ಲಾವಿಯಾ ನೋಡಿ. 1.0 ಲೀಟರ್ ಎಂಜಿನ್ ಜೊತೆ 6 ಗೇರಿನ ಆಟೊಮ್ಯಾಟಿಕ್ ಬಂತಲ್ಲ, ಅದು ಐಸಿನ್‌ದು. ಅದೇ ಕಾರಿನ 1.5 ಲೀಟರ್ ಎಂಜಿನ್ ಜೊತೆ ಬಂದದ್ದು ಫೋಕ್ಸ್‌ವ್ಯಾಗನ್ ಬಳಗದ್ದೇ ಆದ, ಎರಡು ಕ್ಲಚ್ ಇರುವ 7 ಗೇರಿನ ಆಟೊಮ್ಯಾಟಿಕ್, ಡಿಎಸ್‌ಜಿ. ಹೊರಗಿಂದ ಒಂದೇ ಕಾರು, ಒಂದೇ ಶೋರೂಮು. ಕೆಳಗೆ ಮಲಗಿ ನೋಡಿದರೆ ಎರಡು ಬೇರೆ ಬೇರೆ ದೇಶ. ಇವತ್ತು "ಜರ್ಮನ್ ಕಾರಿನ ಗೇರ್‌ಬಾಕ್ಸ್ ಹೇಗೆ?" ಅಂತ ಕೇಳಿದರೆ ನಾನು ಏನು ಹೇಳಲಿ?

ಹಾಗಂತ ಹೆಸರು ಪೂರ್ತಿ ಸುಳ್ಳು ಅಂತ ನಾನು ಹೇಳ್ತಿಲ್ಲ. ಹೆಸರು ಸುಮ್ನೆ ಬರಲ್ಲ. ಇನ್ನೋವಾ 2005ರಲ್ಲಿ ಬಂತು, ಅದಕ್ಕೂ ಮೊದಲು 2000ದಲ್ಲಿ ಕ್ವಾಲಿಸ್. ನಮ್ಮ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ 3 ಲಕ್ಷ ಕಿ.ಮೀ. ದಾಟಿದ ಇನ್ನೋವಾಗಳನ್ನು ನಾನೇ ಎಣಿಸಿದ್ದೇನೆ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಆಟೊ ಪಾರ್ಟ್ಸ್‌ನಲ್ಲಿ 2004ರಿಂದ ಮ್ಯಾನುಯಲ್ ಗೇರ್‌ಬಾಕ್ಸ್ ಮಾಡಿ ಹೊರದೇಶಕ್ಕೂ ಕಳಿಸಿದ್ದಾರೆ. ಗಟ್ಟಿ ಪೆಟ್ಟಿಗೆ. ಆದರೆ ಹೆಸರು ಅನ್ನುವುದು ಹಿಂದಿನದರ ಲೆಕ್ಕ. ಹತ್ತು ವರ್ಷದ ಹಿಂದೆ ಮಾಡಿದ ಒಳ್ಳೆ ಕೆಲಸದ ಬಡ್ಡಿ ಇವತ್ತು ಬರ್ತಾ ಇರುತ್ತೆ. ನೀವು ಇವತ್ತು ದುಡ್ಡು ಕೊಡುವುದು ಇವತ್ತಿನ ಕಾರಿಗೆ. ಅದೇ ಟೊಯೋಟಾ 2024ರಲ್ಲಿ ಅಮೆರಿಕದಲ್ಲಿ ಸುಮಾರು 1 ಲಕ್ಷ ವಾಹನ ವಾಪಸ್ ಕರೆಸಿಕೊಂಡಿತು. ಟಂಡ್ರಾ ಅನ್ನುವ ದೊಡ್ಡ ಪಿಕಪ್, ಅದರ ಜೊತೆ ಟೊಯೋಟಾದ್ದೇ ದುಬಾರಿ ಹೆಸರಾದ ಲೆಕ್ಸಸ್‌ನ ಒಂದು ಮಾಡೆಲ್. ಎಂಜಿನ್ ತಯಾರಿಸುವಾಗಿನ ಲೋಹದ ಚೂರು ಒಳಗೇ ಉಳಿದಿತ್ತು. ತೊಳೆಯೋದು ಮರೆತರೆ ಯಾರ ಪಾತ್ರೆಯಾದರೂ ಕೊಳಕೇ.

ಒಳ್ಳೆ ಹೆಸರಿನ ಕಂಪನಿ ಗೇರ್‌ಬಾಕ್ಸ್ ವಿಷಯದಲ್ಲಿ ಎಡವಿದ ಕತೆಗಳಲ್ಲಿ ನನಗೆ ತುಂಬ ಹಿಡಿಸಿದ್ದು ಹೋಂಡಾದ್ದು. 'ಹಿಡಿಸಿದ್ದು' ಅಂದರೆ ಮೆಕ್ಯಾನಿಕ್ ಕಣ್ಣಿಗೆ.

ಮಾಮೂಲಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಒಳಗೆ ಸೂರ್ಯನ ಸುತ್ತ ಗ್ರಹ ಸುತ್ತಿದ ಹಾಗೆ ಸುತ್ತುವ ಹಲ್ಲುಚಕ್ರಗಳು ಇರುತ್ತವೆ. ಹೋಂಡಾ ಹಾಗೆ ಮಾಡಲಿಲ್ಲ. ಮ್ಯಾನುಯಲ್ ಗೇರ್‌ಬಾಕ್ಸಿನಲ್ಲಿ ಇರುವಂಥ ಅಕ್ಕಪಕ್ಕದ ಶಾಫ್ಟ್‌ಗಳನ್ನೇ ಇಟ್ಟು, ಕ್ಲಚ್‌ಗಳಿಂದ ತಾನೇ ಗೇರ್ ಬದಲಿಸುವ ಹಾಗೆ ಮಾಡಿತು. ಜಾಣತನದ ಕೆಲಸ. ಸಣ್ಣ ಕಾರಿನಲ್ಲಿ ಚೆನ್ನಾಗಿಯೇ ಓಡಿತು. ಆಮೇಲೆ ಅಮೆರಿಕದ ಜನಕ್ಕೆ ದೊಡ್ಡ ಗಾಡಿ ಬೇಕಾಯಿತು. ಒಡಿಸ್ಸಿ ಅನ್ನುವ ವ್ಯಾನ್, ಪೈಲಟ್ ಅನ್ನುವ ಎಸ್‌ಯುವಿ, ಆರು ಸಿಲಿಂಡರಿನ ವಿ6 ಎಂಜಿನ್ ಇರುವ ಅಕಾರ್ಡ್ ಕಾರು. ಭಾರ ಜಾಸ್ತಿ, ಎಂಜಿನ್ ಎಳೆತ ಜಾಸ್ತಿ. ಗೇರ್‌ಬಾಕ್ಸ್ ಒಳಗೆ ಎರಡನೇ ಗೇರಿನ ಚಕ್ರಗಳಿಗೆ ಸಾಕಷ್ಟು ಆಯಿಲ್ ಸಿಗದೆ ಬಿಸಿ ಏರುತ್ತಿತ್ತು. ಹಲ್ಲು ಚಕ್ಕೆ ಏಳುತ್ತಿತ್ತು, ಮುರಿಯಲೂಬಹುದಿತ್ತು. 2004ರ ಏಪ್ರಿಲ್‌ನಲ್ಲಿ ಹೋಂಡಾ ಸುಮಾರು 11 ಲಕ್ಷ ಕಾರುಗಳನ್ನು ವಾಪಸ್ ಕರೆಯಿತು.

ರಿಪೇರಿ ಹೇಗೆ ಮಾಡಿದರು ಅನ್ನೋದೇ ಚೆಂದ. 15,000 ಮೈಲಿಗಿಂತ ಕಮ್ಮಿ ಓಡಿದ ಕಾರಾದರೆ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 24,000 ಕಿ.ಮೀ., ಒಂದು ಸಣ್ಣ ಜೆಟ್ ಕೂರಿಸಿ ಆ ಎರಡನೇ ಗೇರಿನ ಮೇಲೆ ಆಯಿಲ್ ಚಿಮ್ಮುವ ಹಾಗೆ ಮಾಡಿದರು. ಅದಕ್ಕಿಂತ ಜಾಸ್ತಿ ಓಡಿದ್ದರೆ ಮೊದಲು ಒಳಗೆ ಇಣುಕಿ ಗೇರಿನ ಬಣ್ಣ ನೋಡಬೇಕು. ಉಕ್ಕು ಮಿತಿ ಮೀರಿ ಬಿಸಿಯಾದರೆ ಬಣ್ಣ ಬದಲಾಗುತ್ತೆ. ಕಮ್ಮಾರನ ಕುಲುಮೆ ಹತ್ತಿರ ನಿಂತವರಿಗೆ ಗೊತ್ತು, ಒಣಹುಲ್ಲಿನ ಬಣ್ಣ, ಆಮೇಲೆ ನೇರಳೆ, ಆಮೇಲೆ ನೀಲಿ. ಬಣ್ಣ ತಿರುಗಿದ್ದರೆ ಇಡೀ ಗೇರ್‌ಬಾಕ್ಸೇ ಹೊಸದು. ತಿರುಗಿಲ್ಲದಿದ್ದರೆ ಜೆಟ್ ಸಾಕು. ಇಷ್ಟು ದೊಡ್ಡ ಕಂಪನಿಯ ಹೆಸರು ಆ ದಿನ ನಿಂತದ್ದು ಪೆನ್ಸಿಲ್ ಮೊನೆಯಷ್ಟು ಸಣ್ಣ ಆಯಿಲ್ ದಾರಿಯ ಮೇಲೆ. ಅದೇ ಕಾಲದಲ್ಲಿ ಹೋಂಡಾದ ಮ್ಯಾನುಯಲ್ ಗೇರ್‌ಬಾಕ್ಸ್‌ಗಳನ್ನು ಜನ ಬೆಣ್ಣೆಗೆ ಹೋಲಿಸುತ್ತಿದ್ದರು. ಈಗ ಹೇಳಿ, ಹೋಂಡಾ ಒಳ್ಳೇದೋ ಕೆಟ್ಟದ್ದೋ?

ಫೋಕ್ಸ್‌ವ್ಯಾಗನ್ ಕತೆಯಲ್ಲಿ ಬೇರೆ ಪಾಠ ಇದೆ. ಆಗಲೇ ಹೇಳಿದ 7 ಗೇರಿನ ಡಿಎಸ್‌ಜಿಯಲ್ಲಿ ಎರಡು ಒಣ ಕ್ಲಚ್ ಇರುತ್ತೆ, ಅಂದರೆ ಆಯಿಲ್‌ನಲ್ಲಿ ಮುಳುಗಿರದ ಕ್ಲಚ್. ಗ್ಯಾರೇಜ್ ಹುಡುಗರು ಅದನ್ನು ಡಿಕ್ಯು200 ಅಂತ ನಂಬರಿನಿಂದಲೇ ಕರೀತಾರೆ, ರೌಡಿಗೆ ಅಡ್ಡಹೆಸರು ಇದ್ದ ಹಾಗೆ. 2013ರ ಮಾರ್ಚ್‌ನಲ್ಲಿ ಚೀನಾದಲ್ಲಿ 3,84,181 ಕಾರುಗಳನ್ನು ಇದಕ್ಕಾಗಿ ವಾಪಸ್ ಕರೆದರು. ಅದೇ ವರ್ಷ ನವೆಂಬರ್‌ನಲ್ಲಿ ಜಗತ್ತಿನಾದ್ಯಂತ ಸುಮಾರು 16 ಲಕ್ಷ. ಕಂಪನಿ ಕೊಟ್ಟ ಕಾರಣ ಏನು ಗೊತ್ತಾ? ಬಿಸಿ, ತೇವದ ಹವೆ, ನಿಂತು ನಿಂತು ಸಾಗುವ ಟ್ರಾಫಿಕ್. ಇವು ಸೇರಿದರೆ ಸಿಂಥೆಟಿಕ್ ಆಯಿಲ್‌ನಿಂದಾಗಿ ಒಳಗಿನ ಕರೆಂಟ್ ಭಾಗ ಕೈಕೊಡಬಹುದು. ಪರಿಹಾರ, ಸಿಂಥೆಟಿಕ್ ಇಳಿಸಿ ಮಿನರಲ್ ಆಯಿಲ್ ತುಂಬುವುದು.

ಇದನ್ನು ಯಾಕೆ ಒತ್ತಿ ಹೇಳ್ತಿದ್ದೀನಿ ಅಂದರೆ, ನನ್ನ ಹತ್ತಿರ ಬರುವವರಲ್ಲಿ ಬಹಳ ಜನ "ದುಡ್ಡು ಹೋದ್ರೂ ಪರವಾಗಿಲ್ಲ, ಒಳ್ಳೇ ಸಿಂಥೆಟಿಕ್ ಹಾಕಿ" ಅಂತಾರೆ. ಇಲ್ಲಿ ದುಬಾರಿ ಆಯಿಲೇ ತೊಂದರೆ ಕೊಟ್ಟಿತು, ಹಳೇ ಕಾಲದ ಮಿನರಲ್ ಆಯಿಲ್ ಕಾಪಾಡಿತು. ಗೇರ್‌ಬಾಕ್ಸ್‌ಗೆ ಒಳ್ಳೇ ಆಯಿಲ್ ಅಂತ ಬೇರೆ ಏನಿಲ್ಲ. ಆ ಪೆಟ್ಟಿಗೆಗೆ ಹೇಳಿದ ಆಯಿಲ್ ಇದೆ, ಹೇಳದ ಆಯಿಲ್ ಇದೆ.

ಫೋರ್ಡ್‌ನ ಪವರ್‌ಶಿಫ್ಟ್ ಕೂಡ ಎರಡು ಒಣ ಕ್ಲಚ್‌ನದೇ. ಅಮೆರಿಕದಲ್ಲಿ ಫಿಯೆಸ್ಟಾ, ಫೋಕಸ್ ಕಾರುಗಳ ಮಾಲೀಕರು ಗುಂಪಾಗಿ ಕೋರ್ಟಿಗೆ ಹೋದರು. ನಮ್ಮ ಇಕೋಸ್ಪೋರ್ಟ್‌ನಲ್ಲೂ 2013ರಲ್ಲಿ ಅದೇ ಬಂದಿತ್ತು. 2017ರಲ್ಲಿ ಫೋರ್ಡ್ ಅದನ್ನು ಬಿಟ್ಟು ಹಳೇ ನಮೂನೆಯ ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್ ಕೊಟ್ಟಿತು, ಅಂದರೆ ಎಂಜಿನ್ ಎಳೆತವನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವಂಥದ್ದು. ನಿಸಾನ್ 2009ರಲ್ಲಿ ಅಮೆರಿಕದಲ್ಲಿ 2003ರಿಂದ 2010ರವರೆಗಿನ ಮಾಡೆಲ್‌ಗಳ ಸಿವಿಟಿ ಗೇರ್‌ಬಾಕ್ಸ್‌ಗೆ ವಾರಂಟಿಯನ್ನು 10 ವರ್ಷ, 1,20,000 ಮೈಲಿಗೆ ಏರಿಸಿತು. ಕಂಪನಿಯೊಂದು ತಾನಾಗಿ ವಾರಂಟಿ ಡಬಲ್ ಮಾಡಿದರೆ ಖುಷಿಪಡುವ ಮೊದಲು ಕಾರಣ ಕೇಳಬೇಕು.

ಸಿವಿಟಿ ಅಂದರೆ ಹೆದರಬೇಡಿ. ನಿಮ್ಮೆಲ್ಲರ ಮನೆಯಲ್ಲೂ ಒಂದು ಇದೆ. ಗೇರಿಲ್ಲದ ಸ್ಕೂಟರ್ ಇದೆಯಲ್ಲ, ಅದರೊಳಗೆ ಇರುವುದೇ ಸಿವಿಟಿ. ಎರಡು ರಾಟೆ, ನಡುವೆ ಒಂದು ಬೆಲ್ಟ್. ರಾಟೆ ಅಗಲ ಆಗುತ್ತೆ, ಕಿರಿದಾಗುತ್ತೆ, ಬೆಲ್ಟ್ ಮೇಲೆ ಕೆಳಗೆ ಸರಿಯುತ್ತೆ. ಸ್ಕೂಟರಿನಲ್ಲಿ ರಬ್ಬರ್ ಬೆಲ್ಟ್, ಕಾರಿನಲ್ಲಿ ಉಕ್ಕಿನದ್ದು. ನಮ್ಮೂರ ಹಿಟ್ಟಿನ ಗಿರಣಿಯಲ್ಲಿ ಬೆಲ್ಟ್ ಜಾರಿದರೆ ರಾಳದ ಪುಡಿ ಹಾಕುತ್ತಿದ್ದರು, ನೆನಪಿದೆಯಾ? ಸಿವಿಟಿ ಆಯಿಲ್‌ನ ಕೆಲಸವೂ ಅರ್ಧ ಅದೇ. ಜಾರಿಸಬೇಕಾದ ಕಡೆ ಜಾರಿಸಬೇಕು, ಬೆಲ್ಟ್ ಮತ್ತು ರಾಟೆ ನಡುವೆ ಹಿಡಿತ ಕೊಡಬೇಕು. ಅದಕ್ಕೇ ಸಿವಿಟಿಗೆ ಈ ಕೆಂಪು ಎಟಿಎಫ್ ಹಾಕಿದರೆ ಬೆಲ್ಟ್ ಜಾರಿ ರಾಟೆ ಗೀಚಿಹೋಗುತ್ತೆ. ಹಾಗೆ ಹಾಕಿಸಿಕೊಂಡು ಬಂದ ಎರಡು ಕಾರು ನೋಡಿದ್ದೇನೆ. "ಎರಡೂ ಆಟೊಮ್ಯಾಟಿಕ್ಕೇ ಅಲ್ವಾ ಸಾರ್" ಅಂದರು. ಮ್ಯಾನುಯಲ್‌ನಲ್ಲೂ ಇದೇ ಕತೆ. ಅದರ ಆಯಿಲ್‌ಗೆ ಜಿಎಲ್-4, ಜಿಎಲ್-5 ಅಂತ ದರ್ಜೆ ಇರುತ್ತೆ. ಜಿಎಲ್-4 ಕೇಳುವ ಗೇರ್‌ಬಾಕ್ಸ್‌ಗೆ "ಇದು ಇನ್ನೂ ಸ್ಟ್ರಾಂಗು" ಅಂತ ಜಿಎಲ್-5 ಹಾಕಿಬಿಡ್ತಾರೆ. ಅದರಲ್ಲಿರುವ ಗಂಧಕದ ಅಂಶ ಗೇರ್ ಸದ್ದಿಲ್ಲದೆ ಕೂರುವ ಹಾಗೆ ಮಾಡುವ ಹಿತ್ತಾಳೆಯ ಸಿಂಕ್ರೋ ರಿಂಗನ್ನು ನಿಧಾನಕ್ಕೆ ತಿನ್ನುತ್ತೆ. ಒಂದು ದಿನ ಎರಡನೇ ಗೇರ್ ಕರ್ ಅನ್ನುತ್ತೆ.

ಇಲ್ಲಿ ಒಬ್ಬರು ಕೇಳಿದರು, ಈ ರಿಲಯಬಿಲಿಟಿ ರ‍್ಯಾಂಕ್ ಪಟ್ಟಿಗಳು ಬರುತ್ತವಲ್ಲ, ಅವನ್ನು ನಂಬಬಹುದಾ ಅಂತ. ನಂಬಿ, ಆದರೆ ಏನನ್ನು ಎಣಿಸಿದ್ದಾರೆ ಅಂತ ನೋಡಿ. ಅಮೆರಿಕದಲ್ಲಿ ಜೆ.ಡಿ. ಪವರ್ ಅನ್ನುವವರು ಮೂರು ವರ್ಷ ಹಳೆಯ ಕಾರುಗಳ ಮಾಲೀಕರನ್ನು ಕೇಳಿ, 100 ಕಾರಿಗೆ ಎಷ್ಟು ತೊಂದರೆ ಅಂತ ಲೆಕ್ಕ ಹಾಕುತ್ತಾರೆ. ಫೋನು ಬ್ಲೂಟೂತ್‌ಗೆ ಸರಿಯಾಗಿ ಸೇರಲಿಲ್ಲ, ಅದೂ ಒಂದು ತೊಂದರೆ. ಗೇರ್‌ಬಾಕ್ಸ್ ಒಡೆಯಿತು, ಅದೂ ಒಂದು ತೊಂದರೆ. ನೆಗಡಿಗೂ ಮೂಳೆ ಮುರಿತಕ್ಕೂ ಒಂದೊಂದೇ ಗೀಟು. ಅಲ್ಲಿಯದೇ ಗ್ರಾಹಕರ ಸಂಸ್ಥೆ, 1936ರಲ್ಲಿ ಶುರುವಾದ ಕನ್ಸ್ಯೂಮರ್ ರಿಪೋರ್ಟ್ಸ್‌ನವರು ಎಂಜಿನ್, ಗೇರ್‌ಬಾಕ್ಸ್‌ನಂಥ ದೊಡ್ಡ ತೊಂದರೆಗೆ ಜಾಸ್ತಿ ತೂಕ ಕೊಡುತ್ತಾರೆ. ನನಗೆ ಅದೇ ಸರಿ ಅನ್ನಿಸುತ್ತೆ. ಒಂದು ಮಾತು ಮಾತ್ರ ನೆನಪಿರಲಿ. ಮೂರು ವರ್ಷದ ಕಾರಿನಲ್ಲಿ ಆಯಿಲ್ ಬದಲಿಸದಿದ್ದರೂ ಏನೂ ಗೊತ್ತಾಗಲ್ಲ. ಗೊತ್ತಾಗುವುದು ಏಳನೇ ವರ್ಷ, ಎಂಟನೇ ವರ್ಷ. ಅಷ್ಟು ಹೊತ್ತಿಗೆ ಕಾರು ಇನ್ನೊಬ್ಬರ ಕೈಯಲ್ಲಿರುತ್ತೆ.

ಈಗ ಮೂರನೇ ಬಾಟಲಿ ವಾಪಸ್ ಬಂತಾ? ಇತ್ತ ಕೊಡಿ.

ಇದು ನನ್ನ ಭಾವನ ಕಾರಿನದು. ಅಕ್ಕನ ಗಂಡ, ಆದ್ದರಿಂದ ಜೋರಾಗಿ ಬೈಯೋ ಹಾಗೂ ಇರಲಿಲ್ಲ. ಸೆಕೆಂಡ್ ಹ್ಯಾಂಡ್ ಆಟೊಮ್ಯಾಟಿಕ್, ಒಳ್ಳೇ ಹೆಸರಿರುವ ಕಂಪನಿ. ಯಾವುದು ಅಂತ ಹೇಳಲ್ಲ, ತಪ್ಪು ಕಂಪನಿಯದಲ್ಲ. ತಗೊಳ್ಳುವ ಮೊದಲು ನನ್ನನ್ನು ಕೇಳಲಿಲ್ಲ. "ಆ ಕಂಪನಿ ಕಾರಿಗೆ ಏನು ಕೇಳೋದು?" ಅಂದರಂತೆ. 1,30,000 ಕಿ.ಮೀ. ಓಡಿತ್ತು. ಸರ್ವಿಸ್ ಬಿಲ್‌ಗಳನ್ನು ಫೈಲಿನಲ್ಲಿ ಚೆಂದವಾಗಿ ಜೋಡಿಸಿಟ್ಟಿದ್ದರು. ಎಂಜಿನ್ ಆಯಿಲ್ ಇದೆ, ಏರ್ ಫಿಲ್ಟರ್ ಇದೆ, ವೈಪರ್ ಬ್ಲೇಡೂ ಇದೆ. ಗೇರ್‌ಬಾಕ್ಸ್ ಆಯಿಲ್ ಒಂದು ಸಲವೂ ಇಲ್ಲ. ಒಂದು ಸರ್ವಿಸ್ ಸೆಂಟರಿನಲ್ಲಿ ಹಳೇ ಮಾಲೀಕರು ಕೇಳಿದ್ದರಂತೆ, ಕೌಂಟರಿನ ಹುಡುಗ "ಅದು ಲೈಫ್‌ಟೈಮ್ ಸಾರ್" ಅಂದನಂತೆ. ನಾನು ಡ್ರೈನ್ ಬೋಲ್ಟ್ ತೆಗೆದಾಗ ಈ ಮಸಿ ಸುರಿಯಿತು. ಬೋಲ್ಟಿನ ತುದಿಯ ಮ್ಯಾಗ್ನೆಟ್ ಮೇಲೆ ಉಗುರು ಕತ್ತರಿಸಿ ಬಿದ್ದಂಥ ಚೂರುಗಳು. ಭಾವ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ನೋಡ್ತಿದ್ದರು. "ಇದೆಲ್ಲ ಇರತ್ತೇನೋ ಅಲ್ವಾ?" ಅಂದರು. ಮ್ಯಾಗ್ನೆಟ್ ಮೇಲೆ ಬೂದುಬಣ್ಣದ ನುಣ್ಣನೆ ಪೇಸ್ಟ್, ವಿಭೂತಿ ಕಲಸಿದ ಹಾಗೆ, ಅದು ಇರುತ್ತೆ. ಕ್ಲಚ್, ಗೇರ್ ಸವೆದದ್ದು, ಸಹಜ. ಬೆರಳಿಗೆ ಚುಚ್ಚುವ ಚೂರು ಇರಬಾರದು.

ಒಳ್ಳೇ ಹೆಸರು ಮಾಡುವ ಕೆಡುಕು ಇದೇ. ಮಾಲೀಕರು ನಿದ್ದೆ ಹೋಗ್ತಾರೆ. ಕೆಟ್ಟ ಹೆಸರಿನ ಕಾರು ತಗೊಂಡವರು ಪ್ರತಿ ಸದ್ದಿಗೂ ಓಡಿ ಬರ್ತಾರೆ, ಅವರ ಕಾರು ಎಷ್ಟೋ ಸಲ ಚೆನ್ನಾಗಿರುತ್ತೆ. ಇದರ ತಿರುಗಾಮುರುಗಾ ಕೂಡ ನಡೆಯುತ್ತೆ. ಟ್ಯಾಕ್ಸಿ ಇನ್ನೋವಾ ಯಾಕೆ ಅಷ್ಟು ಓಡಿತು? ಗಾಡಿ ಗಟ್ಟಿ ಅನ್ನೋದು ಒಂದು. ಒಂದು ದಿನ ಗಾಡಿ ನಿಂತರೆ ಒಂದು ದಿನದ ಊಟ ಹೋಯ್ತು ಅನ್ನೋದು ಇನ್ನೊಂದು. ನನ್ನ ಹತ್ತಿರ ಬರುವ ಡ್ರೈವರ್‌ಗಳು ಆಯಿಲ್ ಬದಲಿಸುವ ಕಿ.ಮೀ. ಅನ್ನು ದೇವರ ಫೋಟೋ ಪಕ್ಕ ಚೀಟಿ ಅಂಟಿಸಿ ಬರೆದಿಟ್ಟಿರ್ತಾರೆ. ಸೆಕೆಂಡ್ ಹ್ಯಾಂಡ್ ರೇಟು ಇರುವ ಕಾರಿಗೆ ದುಡ್ಡು ಹಾಕೋಕೆ ಮನಸ್ಸು ಬರುತ್ತೆ. ರೇಟು ಬಿದ್ದ ಕಾರಿಗೆ ಯಾರೂ ಹಾಕಲ್ಲ. ಹಾಕದ ಕಾರು ಬೇಗ ಕೆಡುತ್ತೆ. ಆಮೇಲೆ "ನೋಡಿದ್ರಾ, ಆ ಕಂಪನಿ ಅಷ್ಟೇ" ಅಂತೀವಿ.

ಈ 'ಲೈಫ್‌ಟೈಮ್' ಅನ್ನುವ ಮಾತಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಯಾರ ಲೈಫು ಅಂತ ಮೊದಲು ಕೇಳಿ. ಎಷ್ಟೋ ಕಾರುಗಳ ಪುಸ್ತಕದಲ್ಲಿ ಗೇರ್‌ಬಾಕ್ಸ್ ಆಯಿಲ್ ಬದಲಿಸುವುದು ಬೇಕಿಲ್ಲ ಅಂತ ಇರುತ್ತೆ. ಆದರೆ ಗೇರ್‌ಬಾಕ್ಸ್ ಮಾಡಿದ ಝಡ್‌ಎಫ್ ಕಂಪನಿಯೇ ತನ್ನ ಆಟೊಮ್ಯಾಟಿಕ್‌ಗಳಿಗೆ 80,000ದಿಂದ 1,20,000 ಕಿ.ಮೀ. ನಡುವೆ, ಇಲ್ಲವೇ 8 ವರ್ಷಕ್ಕೆ ಬದಲಿಸಿ ಅನ್ನುತ್ತೆ. ಹೆತ್ತ ತಾಯಿ ಒಂದು ಹೇಳ್ತಾಳೆ, ಮದುವೆ ಮಾಡಿಕೊಂಡ ಮನೆಯವರು ಇನ್ನೊಂದು ಹೇಳ್ತಾರೆ. ನಾನು ತಾಯಿ ಮಾತೇ ಕೇಳ್ತೀನಿ. ಪುಸ್ತಕದಲ್ಲಿ ಇನ್ನೊಂದು ಪುಟ ಇರುತ್ತೆ, ಯಾರೂ ತೆರೆಯದ ಪುಟ. 'ಸಿವಿಯರ್' ಅಂತ ತಲೆಬರಹ. ನಿಂತು ಸಾಗುವ ಟ್ರಾಫಿಕ್, ಧೂಳು, ಬಿಸಿಲು, ಬೆಟ್ಟದ ರಸ್ತೆ, ಹಿಂಗಿದ್ದರೆ ಬೇಗ ಬದಲಿಸಿ ಅಂತ. ಓದಿ ನೋಡಿ. ಬೆಂಗಳೂರಿನ ಸಿಲ್ಕ್ ಬೋರ್ಡು, ನಮ್ಮ ಆಗುಂಬೆಯ 14 ತಿರುವು, ಎರಡೂ ಅದರೊಳಗೇ ಬರುತ್ತವೆ. ಆಯಿಲ್ ಬಗ್ಗೆ ಒಂದು ಒರಟು ಲೆಕ್ಕ ಇದೆ. ಬಿಸಿ 10 ಡಿಗ್ರಿ ಏರಿದರೆ ಆಯುಸ್ಸು ಅರ್ಧ.

ಆಯಿಲ್ ಬದಲಿಸಿದರೆ ಹಳೇ ಗೇರ್‌ಬಾಕ್ಸ್ ಕೆಟ್ಟುಹೋಗುತ್ತೆ ಅನ್ನುವ ಮಾತೂ ಇದೆ. ಪೂರ್ತಿ ಸುಳ್ಳಲ್ಲ. ಆಗಲೇ ಕ್ಲಚ್ ಸವೆದು ಜಾರುತ್ತಿರುವ ಪೆಟ್ಟಿಗೆ, ಹಳೇ ಆಯಿಲ್‌ನಲ್ಲಿ ತೇಲುವ ಪುಡಿಯಿಂದಲೇ ಒಂದಿಷ್ಟು ಹಿಡಿತ ಇಟ್ಟುಕೊಂಡಿರುತ್ತೆ. ಮೆಷಿನ್ ಹಚ್ಚಿ ಜೋರಾಗಿ ಫ್ಲಶ್ ಮಾಡಿದರೆ ಕೊಳೆ ಎದ್ದು ಸಣ್ಣ ವಾಲ್ವ್‌ಗಳಿಗೆ ಹೋಗಿ ಕೂರುತ್ತೆ. ಅದಕ್ಕೇ ನಾನು ಹಳೇ ಗಾಡಿಗೆ ಫ್ಲಶ್ ಮಾಡಲ್ಲ. ಬೋಲ್ಟ್ ತೆಗೆದು ತಾನಾಗಿ ಇಳಿದಷ್ಟು ಇಳಿಸ್ತೀನಿ, ಎಷ್ಟು ಇಳಿಯಿತೋ ಅಷ್ಟೇ ಅಳೆದು ತುಂಬ್ತೀನಿ. ಟಾರ್ಕ್ ಕನ್ವರ್ಟರಿನಲ್ಲಿ ಇರುವುದು ಹಾಗೇ ಉಳಿಯುತ್ತೆ, ಒಂದು ಸಲಕ್ಕೆ ಅರ್ಧವೂ ಬದಲಾಗಲ್ಲ. ಸ್ವಲ್ಪ ದಿನ ಓಡಿಸಿ ಮತ್ತೆ ಬನ್ನಿ ಅಂತೀನಿ. ಭಾವನ ಕಾರಿಗೂ ಹಾಗೇ ಮೂರು ಸಲ ಮಾಡಿದೆ. ಗೇರ್ ಬದಲಾಗುವಾಗ ಬರುತ್ತಿದ್ದ ಜರ್ಕ್ ಕಮ್ಮಿಯಾಯಿತು, ಪೂರ್ತಿ ಹೋಗಲಿಲ್ಲ. ಹೋಗಿದ್ದಿದ್ದರೆ ಕತೆ ಚೆನ್ನಾಗಿರ್ತಿತ್ತು. ಹತ್ತು ತಿಂಗಳಿಗೆ ಗೇರ್‌ಬಾಕ್ಸ್ ಬಿಚ್ಚಲೇಬೇಕಾಯಿತು.

ಮನೆಯಲ್ಲೇ ಮಾಡಿಕೊಳ್ಳುವ ಉತ್ಸಾಹಿಗಳು ಇಲ್ಲಿ ಇಬ್ಬರಾದರೂ ಇರ್ತೀರಿ. ನಿಮಗೆ ಒಂದೇ ಮಾತು. ಮೊದಲು ತುಂಬುವ ಬೋಲ್ಟ್ ಬಿಚ್ಚಿ, ಆಮೇಲೆ ಇಳಿಸುವ ಬೋಲ್ಟ್. ನಾನು ಕೆಲಸ ಕಲಿಯುವಾಗ ತಿರುಗಿಸಿ ಮಾಡಿದೆ. ಆಯಿಲ್ ಎಲ್ಲ ಟ್ರೇಗೆ ಇಳಿಯಿತು. ತುಂಬುವ ಬೋಲ್ಟ್ ತುಕ್ಕು ಹಿಡಿದು ಅಲ್ಲಾಡಲಿಲ್ಲ. ಗಾಡಿ ಸ್ಟಾರ್ಟ್ ಮಾಡುವ ಹಾಗಿಲ್ಲ, ತುಂಬುವ ಹಾಗಿಲ್ಲ. ನಮ್ಮ ಮೇಸ್ತ್ರಿ ಏನೂ ಬೈಯಲಿಲ್ಲ, ಆ ಗಾಡಿ ಪಕ್ಕದಲ್ಲೇ ಕೂತು ಊಟ ಮಾಡು ಅಂದರು.

ಓಡಿಸುವುದರ ಬಗ್ಗೆ ಜಾಸ್ತಿ ಹೇಳಲ್ಲ, ಎಲ್ಲರೂ ದೊಡ್ಡವರು. ಆಟೊಮ್ಯಾಟಿಕ್ ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸುವಾಗ ನೇರ 'ಪಿ'ಗೆ, ಅಂದರೆ ಪಾರ್ಕ್‌ಗೆ, ಹಾಕಬೇಡಿ. ಒಳಗೆ ಹೆಬ್ಬೆರಳಿನಷ್ಟು ಒಂದು ಕೊಕ್ಕೆ ಇಡೀ ಗಾಡಿಯ ಭಾರ ಹಿಡಿಯುತ್ತೆ. ಬ್ರೇಕ್ ಒತ್ತಿ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಕಾಲು ತೆಗೆದು ಗಾಡಿ ಕೂರಲಿ, ಆಮೇಲೆ 'ಪಿ'. ಎಎಂಟಿ ಇರುವವರು, 2014ರಲ್ಲಿ ಸೆಲೆರಿಯೊ ಜೊತೆ ನಮ್ಮಲ್ಲಿ ಶುರುವಾಯಿತಲ್ಲ ಅದು, ನೆನಪಿಡಿ. ಅದು ಮ್ಯಾನುಯಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತೋಕೆ, ಗೇರ್ ಬದಲಿಸೋಕೆ ನಿಮ್ಮ ಕಾಲು, ಕೈಗಳ ಬದಲು ಯಂತ್ರ ಇದೆ ಅಷ್ಟೇ. ಘಾಟಿಯಲ್ಲಿ ಮುಂದಿನ ಲಾರಿ ನಿಂತಾಗ ಬ್ರೇಕ್ ಒತ್ತದೆ ಆಕ್ಸಿಲರೇಟರಿನಲ್ಲೇ ಗಾಡಿ ಹಿಡಿದರೆ ಕ್ಲಚ್ ಪ್ಲೇಟ್ ಉರಿಯುತ್ತೆ. ಎರಡು ಒಣ ಕ್ಲಚ್‌ನ ಗಾಡಿಗಳಿಗೂ ಇದೇ ಮಾತು. ಇನ್ನು ನೀರು ತುಂಬಿದ ರಸ್ತೆಯಲ್ಲಿ ಹೋದವರು. ಗೇರ್‌ಬಾಕ್ಸ್‌ಗೆ ಉಸಿರಾಡಲು ಒಂದು ಸಣ್ಣ ರಂಧ್ರ ಇರುತ್ತೆ, ಅದು ಮುಳುಗಿದರೆ ನೀರು ಒಳಗೆ. ಆಯಿಲ್ ಹಾಲು ಬೆರೆಸಿದ ಕಾಫಿಯ ಹಾಗಾಗಿದ್ದರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ, ಎಳೆಸಿಕೊಂಡು ಬನ್ನಿ.

ಸೆಕೆಂಡ್ ಹ್ಯಾಂಡ್ ಆಟೊಮ್ಯಾಟಿಕ್ ನೋಡಲು ಹೋದರೆ ಬೆಳಗ್ಗೆ ಹೋಗಿ. ಎಂಜಿನ್ ತಣ್ಣಗಿರಬೇಕು. ಮಾರುವವರು ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದರೆ ಕಾಫಿ ಕುಡಿದು ಇನ್ನೊಂದು ದಿನ ಬನ್ನಿ. ಬ್ರೇಕ್ ಒತ್ತಿ 'ಡಿ'ಗೆ, ಅಂದರೆ ಡ್ರೈವ್‌ಗೆ, ಹಾಕಿ. ತಕ್ಷಣ ಗಾಡಿಗೆ ಎಳೆತ ಬರಬೇಕು. ನೀವು ಒಂದು, ಎರಡು, ಮೂರು ಅಂತ ಎಣಿಸಿದ ಮೇಲೆ ಧಡ್ ಅಂತ ಬಂದರೆ, ಬಾನೆಟ್ ಮೇಲೆ ಯಾವ ಹೆಸರಿದ್ದರೂ ನಮಸ್ಕಾರ ಹೇಳಿ ಬನ್ನಿ.

ಕೊನೆಗೆ ಮುಂದಿನ ಸಾಲಿನ ಒಬ್ಬರು ಹಿರಿಯರು ಎದ್ದರು. ಒಂಬತ್ತು ವರ್ಷದ ಸಣ್ಣ ಕಾರು, ಮ್ಯಾನುಯಲ್. "ನಾನು ಎಲ್ಲ ಸರ್ವಿಸೂ ತಪ್ಪದೆ ಮಾಡಿಸಿದೀನಪ್ಪಾ. ಗೇರ್‌ಬಾಕ್ಸ್ ಆಯಿಲ್ ಬದಲಿಸಿದಾರೋ ಇಲ್ವೋ ಹೇಗೆ ಗೊತ್ತಾಗೋದು?" ಬಿಲ್ ನೋಡಬೇಕು ಅಂದೆ. ಬಿಲ್ ಮನೆಯಲ್ಲಿದೆ, ಕಾರು ಹೊರಗಿದೆ ಅಂದರು. ಸಭೆ ಮುಗಿಸಿ ನಾಲ್ಕೈದು ಜನ ಹೊರಗೆ ಹೋದೆವು. ನಾನು ಪೇಪರ್ ಹಾಸಿ ಕೆಳಗೆ ತೂರಿದೆ, ಯಾರೋ ಮೊಬೈಲ್ ಟಾರ್ಚ್ ಹಿಡಿದರು. ಗೇರ್‌ಬಾಕ್ಸಿನ ಡ್ರೈನ್ ಬೋಲ್ಟ್ ಮೇಲೆ ಮಣ್ಣು ಗಟ್ಟಿಯಾಗಿ ಕೂತಿತ್ತು. ಉಗುರಿನಿಂದ ಕೆರೆದೆ. ಬಿಗಿ ಸರಿಯಾಗಿದೆ ಅಂತ ಕಾರ್ಖಾನೆಯಲ್ಲಿ ಬೋಲ್ಟಿಗೂ ಪೆಟ್ಟಿಗೆಗೂ ಸೇರಿಸಿ ಎಳೆದ ಹಳದಿ ಬಣ್ಣದ ಗೀಟು ಹಾಗೇ ಇತ್ತು, ಒಂದು ಕೂದಲಷ್ಟೂ ಸರಿದಿರಲಿಲ್ಲ. ಫೋಟೋ ತೆಗೆದು ಅವರಿಗೆ ತೋರಿಸಿದೆ. ಕನ್ನಡಕ ಮೇಲೆತ್ತಿ, ಮೊಬೈಲ್ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ನಾಳೆ ಬರ್ಲೇನಪ್ಪಾ?"

"ನಾಳೆ ಭಾನುವಾರ. ಸೋಮವಾರ ಬೆಳಗ್ಗೆ ತನ್ನಿ ಸಾರ್. ಬಿಲ್ ಫೈಲೂ ತನ್ನಿ."